ಸೀಬಮ್ಮನ ಗೋಡೆಗೆ ಸುಣ್ಣ

ನನ್ನ ಹೆಂಡತಿ ಸೀಬಮ್ಮನಿಗೆ ಡಾಕ್ಟರು ಬರೆದುಕೊಟ್ಟ ದಮ್ಮಿನ ಪಂಪನ್ನು ವಿಮೆ ಕಂಪನಿಯವರು ನಾಲ್ಕು ಸಲ ಕೊಡುವುದಿಲ್ಲವೆಂದರು. ಐದನೆಯ ಸಲ ಕೇಳಲು ನಾನು ಅವರ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ ಅವಳು ಮನೆಯಲ್ಲಿ ಉಸಿರು ಸಿಕ್ಕದೆ ಸತ್ತಳು. ಅವಳಿಗೆ ಮೂವತ್ತೆಂಟು ವರ್ಷ.

ನಾನು ದುರುಗಪ್ಪ. ಈ ಊರಿನ ಗೋಡೆಗಳಿಗೆ ಸುಣ್ಣ ಹೊಡೆಯುವವನು. ಬೇರೆ ಊರುಗಳಲ್ಲಿ ಇದು ಹಬ್ಬಕ್ಕೆ ಮುಂಚೆ ಕರೆದು ಹಬ್ಬವಾದ ಮೇಲೆ ಮರೆಯುವ ಕೆಲಸ. ನಮ್ಮೂರಲ್ಲಿ ಹಾಗಲ್ಲ. ನನ್ನನ್ನು ಕರೆಯುವ ಮುಂಚೆ ಮನೆಮಂದಿಯೆಲ್ಲ ಕೂತು ಎರಡು ದಿನ ಯೋಚಿಸುತ್ತಾರೆ. ಯಾಕೆಂದರೆ ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಗೋಡೆ ಮಾತಾಡುತ್ತದೆ. ಹಿಂದಿನ ವರ್ಷ ಅದೇ ದಿನ ಆ ಮನೆಯೊಳಗೆ ಆಡಿದ್ದನ್ನು ಆಡುತ್ತದೆ. ಎಲ್ಲವನ್ನೂ ಅಲ್ಲ. ಒಂದು ಲೋಟ ಟೀ ಆರುವಷ್ಟು ಹೊತ್ತು, ಎದೆಯಿಂದ ಬಂದದ್ದನ್ನು ಮತ್ತು ಅದರ ಜೊತೆಗಿದ್ದ ಸದ್ದನ್ನು ಮಾತ್ರ. ಒಮ್ಮೆ ಆಡಿದ್ದನ್ನು ಮತ್ತೆ ಆಡುವುದಿಲ್ಲ. ಮೇಲೆ ಸುಣ್ಣ ಬಿದ್ದರೆ ಅಲ್ಲಿಯವರೆಗೆ ಕೇಳಿದ್ದನ್ನೆಲ್ಲ ಮರೆತುಬಿಡುತ್ತದೆ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಹೋದ ವರ್ಷ ಇದೇ ದಿನ ಜಗಳವಾಡಿದ್ದ ಗಂಡಹೆಂಡಿರು ಆ ಹೊತ್ತಿಗೆ ಮನೆಗೆ ಬೀಗ ಹಾಕಿಕೊಂಡು ಕೆರೆ ಏರಿಯ ಮೇಲೆ ಹೋಗಿ ಕಡಲೆಕಾಯಿ ತಿಂದು ಬರುತ್ತಾರೆ. ಬೀಗರು ಬರುವ ದಿನ ಗೊತ್ತಾದರೆ, ಹಿಂದಿನ ವರ್ಷ ಆ ದಿನ ಅವರ ಬಗ್ಗೆ ಏನಂದಿದ್ದೆವೆಂದು ಮೊದಲು ನೆನಪು ಮಾಡಿಕೊಂಡು ಆಮೇಲೆ ಅಡಿಗೆಗೆ ಇಡುತ್ತಾರೆ. ನಿವೃತ್ತ ಮೇಷ್ಟರೊಬ್ಬರು ದಿನಾ ಗೋಡೆಗೆ ಮುಖ ಕೊಟ್ಟು, 'ಕನ್ನಡಕ ಗೂಡಿನಲ್ಲಿದೆ' ಎಂದು ಮುಂದಿನ ವರ್ಷದ ತಮಗೇ ಹೇಳಿಡುತ್ತಾರೆ. ಮುಂದಿನ ವರ್ಷ ಗೋಡೆ ಹೇಳುತ್ತದೆ, ಗೂಡಿನಲ್ಲಿ ಕನ್ನಡಕ ಇರುವುದಿಲ್ಲ. ಸತ್ತವರ ಮನೆಗೆ ಮಾತ್ರ ಒಂದು ವರ್ಷ ಯಾರೂ ನನ್ನನ್ನು ಕರೆಯುವುದಿಲ್ಲ. ವರ್ಷ ತುಂಬುವ ತನಕ ಅವರಿನ್ನೂ ಪೂರ್ತಿ ಹೋಗಿರುವುದಿಲ್ಲ ಎಂದು ನಮ್ಮ ಲೆಕ್ಕ.

ಹತ್ತಿ ಮಿಲ್ಲಿನ ಲೈನ್ ಮನೆಗಳಲ್ಲಿ ನಮ್ಮದು ಏಳನೆಯದು. ಎಂಟನೆಯದು ಮಾಬುನ್ನಿಯದು. ನಡುವೆ ಒಂದೇ ಗೋಡೆ. ಸೀಬಿ, ಮಾಬುನ್ನಿ ಇಬ್ಬರೂ ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಕೋಣೆಯಲ್ಲಿದ್ದವರು. ಆ ಕೋಣೆಯಲ್ಲಿ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅಷ್ಟು ಹತ್ತಿ ಗಾಳಿಯಲ್ಲಿ ಹಾರುತ್ತಿರುತ್ತದೆ. ಸೇರಿ ಮೂರು ವರ್ಷಕ್ಕೆ ಇಬ್ಬರ ಎದೆಯಲ್ಲೂ ಸಿಳ್ಳೆ ಶುರುವಾಯಿತು. 'ನಿಂದು ಕೊಳಲು, ನಂದು ಪೀಪಿ' ಎಂದು ಮಾಬುನ್ನಿ ನಗುತ್ತಿದ್ದಳು. ಗೋಡೆಯ ಈಚೆ ಸೀಬಿ ಕೆಮ್ಮಿದರೆ ಆಚೆಯಿಂದ ಮಾಬುನ್ನಿ, 'ಆಯ್ತೇನೇ ನಿಂದು? ಈಗ ನನ್ ಪಾಳಿ' ಅನ್ನುತ್ತಿದ್ದಳು.

ಸಿಳ್ಳೆ ಶುರುವಾಗುವ ಮುಂಚಿನ ದೀಪಾವಳಿಗೆ ಮಿಲ್ಲಿನವರು ವಿಮೆ ಮಾಡಿಸಿದ್ದರು. ತಿಂಗಳ ಸಂಬಳದಿಂದ ಕೇಳದೆಯೇ ಹಿಡಿದುಕೊಳ್ಳುತ್ತಿದ್ದರು. ಔಷಧಿ ಬೇಕಾದಾಗ ಮಾತ್ರ ಕೇಳಬೇಕಿತ್ತು.

ಮುಂದಿನ ಆಷಾಢದಲ್ಲಿ ಸೀಬಿಯ ದಮ್ಮು ಏರಿದಾಗ ಧರ್ಮಾಸ್ಪತ್ರೆಯ ಲೇಡಿ ಡಾಕ್ಟರು ಎರಡು ಬರೆದರು. ಒಂದು ನೀಲಿ ಪಂಪು, ಉಸಿರು ಕಟ್ಟಿದಾಗ ಎಳೆದುಕೊಳ್ಳಲು. ಇನ್ನೊಂದು ಕಂದು ಬಣ್ಣದ್ದು, ಕಟ್ಟದೇ ಇರಲಿ ಎಂದು ದಿನಾ ಎರಡು ಹೊತ್ತು ಎಳೆದುಕೊಳ್ಳಲು. ನೀಲಿಯದನ್ನು ಹೇಗೋ ನಾವೇ ಕೊಳ್ಳುತ್ತಿದ್ದೆವು. ಕಂದು ನಮ್ಮ ಕೈಗೆ ಎಟುಕುವಂಥದ್ದಲ್ಲ. 'ವಿಮೆ ಇದೆಯಲ್ಲ, ಅವರು ಕೊಡಬೇಕು' ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, 'ನೀವು ಸುಣ್ಣದವರಲ್ಲವೇ? ಮನೆ ಗೋಡೆಯಲ್ಲಿ ತೇವ ಬಂದು ಬೂಷ್ಟು ಹಿಡಿದಿರುತ್ತೆ, ಮೊದಲು ಅದನ್ನು ಕೆರೆದು ಸುಣ್ಣ ಹೊಡೀರಿ. ಅದೇ ಅವರ ಎದೆಗೆ ಹೋಗ್ತಿರೋದು' ಎಂದರು.

ನಾನು ಮನೆಗೆ ಬಂದವನೇ ಸೀಬಿಯನ್ನು ಹೊರಗೆ ಕೂರಿಸಿ, ಮೂಗಿಗೆ ಬಟ್ಟೆ ಕಟ್ಟಿಸಿ, ಗೋಡೆಯ ಬೂಷ್ಟನ್ನೆಲ್ಲ ಕೆರೆದು ಎರಡು ಪದರ ಸುಣ್ಣ ಹೊಡೆದೆ. ಇಪ್ಪತ್ತು ವರ್ಷ ಊರ ಮನೆಗಳಿಗೆ ಹೊಡೆದವನು, ನನ್ನ ಮನೆಗೆ ಅಷ್ಟು ಚೆನ್ನಾಗಿ ಯಾವತ್ತೂ ಹೊಡೆದಿರಲಿಲ್ಲ. ಸಂಜೆ ದೀಪ ಹಚ್ಚಿದಾಗ ಗೋಡೆ ಹಾಲಿನ ಹಾಗೆ ಬೆಳ್ಳಗೆ, ತೆಪ್ಪಗೆ ನಿಂತಿತ್ತು. ಒಂದು ಮಗ್ಗುಲಿಗೆ ಹೊಡೆದರೆ ಇನ್ನೊಂದು ಮಗ್ಗುಲೂ ಮರೆಯುತ್ತದೆ. ಮಾಬುನ್ನಿ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು. 'ಅಲ್ಲಾ ದುರುಗಣ್ಣಾ, ಒಂದು ಮಾತು ಕೇಳ್ಬಾರ್ದಾ? ನಮ್ ಮನೆಯೋನು ಹದಿನಾರು ವರ್ಷಕ್ಕೆ ಒಂದೇ ಒಂದು ಸಲ ಸಾರು ಚೆನ್ನಾಗಿ ಅದೆ ಅಂದಿದ್ದ. ಬರೋ ಶುಕ್ರವಾರ ಗೋಡೆ ಹೇಳೋದಿತ್ತು. ಅದ್ನೂ ಬಳ್ದುಬಿಟ್ಟೆಯಲ್ಲಪ್ಪ!' ಸೀಬಿ ನಕ್ಕು ನಕ್ಕು ಕೆಮ್ಮಿದಳು.

ಆವತ್ತು ನಾವು ಮೂವರೂ ನಕ್ಕೆವು. ಏನನ್ನು ಬಳಿದುಬಿಟ್ಟೆನೆಂದು ತಿಳಿದದ್ದು ಆಮೇಲೆ.

ವಿಮೆ ಕಂಪನಿಯಲ್ಲಿ ಕಿವಿ ಗುಮಾಸ್ತರೆಂದು ಇರುತ್ತಾರೆ. ಕಾಯಿಲೆಯವರ ಮನೆಗೆ ದೀಪ ಹಚ್ಚುವ ಹೊತ್ತಿಗೆ ಬಂದು, ಮಡಚುವ ಸ್ಟೂಲಿನ ಮೇಲೆ ಗೋಡೆಗೆ ಕಿವಿ ಕೊಟ್ಟು ಕೂತು, ಕೇಳಿದ್ದನ್ನು ಬರೆದುಕೊಂಡು ಹೋಗುವುದು ಅವರ ಉದ್ಯೋಗ. ನಮ್ಮ ಲೈನಿಗೆ ಬರುತ್ತಿದ್ದವರು ವಾಮನಮೂರ್ತಿ. ಸಣಕಲು ಮನುಷ್ಯ, ಚಪ್ಪಲಿಯನ್ನು ಹೊಸ್ತಿಲಿನ ಹೊರಗೆ ಜೋಡಿಸಿಟ್ಟು ಬರುವಷ್ಟು ಮರ್ಯಾದಸ್ಥ. ವಿಮೆ ಮಾಡಿಸುವ ಮುಂಚೆ ಆ ಮನೆಯಲ್ಲಿ ದಮ್ಮಿನ ಸದ್ದು ಇತ್ತೋ ಇಲ್ಲವೋ ಎಂದು ಗೋಡೆ ಹೇಳಬೇಕು. ಇತ್ತು ಎಂದರೆ ಹಳೆಯ ಕಾಯಿಲೆ, ಕೊಡುವುದಿಲ್ಲ. ಇರಲಿಲ್ಲ ಎಂದರೆ ಕೊಡುತ್ತಾರೆ. ಹಾಗೆಂದು ಅವರ ನಿಯಮದ ಪುಸ್ತಕದಲ್ಲಿ ಬರೆದಿದೆ.

ಸೀಬಿಗೆ ವಿಮೆಗೆ ಮುಂಚೆ ದಮ್ಮು ಇರಲಿಲ್ಲ. ಅದನ್ನು ಹೇಳಬೇಕಾದ ಗೋಡೆಗೆ ನಾನೇ ಸುಣ್ಣ ಹೊಡೆದಿದ್ದೆ.

ಮೊದಲನೆಯ ಕಾಗದ ಶ್ರಾವಣದಲ್ಲಿ ಬಂತು. ಸೀಬಿ ಏಳನೇ ತರಗತಿಯವರೆಗೆ ಓದಿದವಳು, ಲೈನಿನ ಎಲ್ಲರ ಕಾಗದವನ್ನೂ ಅವಳೇ ಓದಿ ಹೇಳುತ್ತಿದ್ದಳು. ಬಾಗಿಲಲ್ಲಿ ನಿಂತು, ಮಾಬುನ್ನಿಗೂ ಕೇಳಲೆಂದು ಗಟ್ಟಿಯಾಗಿ ಓದಿದಳು. 'ಗೋಡೆಗೆ ಹೊಸ ಸುಣ್ಣ ಹೊಡೆದಿರುವುದು ಕಂಡುಬಂದಿರುವುದರಿಂದ, ಹಳೆಯ ಕಾಯಿಲೆಯನ್ನು ಮುಚ್ಚಿಟ್ಟಿರುವುದಾಗಿ ಭಾವಿಸಿ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ನಾನು ಡಾಕ್ಟರ ಚೀಟಿ ಹಿಡಿದುಕೊಂಡು ಓಡಿದೆ. ಎರಡನೆಯ ಕಾಗದ ಬಂತು. 'ಪಂಪಿಗೆ ಬದಲಾಗಿ ಮೂರು ತಿಂಗಳು ಗುಳಿಗೆ ಸೇವಿಸಿ, ಗುಳಿಗೆಯಿಂದ ಗುಣವಾಗದಿದ್ದಲ್ಲಿ ಮಾತ್ರ ಮತ್ತೆ ಅರ್ಜಿ ಸಲ್ಲಿಸತಕ್ಕದ್ದು.' ಸೀಬಿ ಮೂರು ತಿಂಗಳು ಗುಳಿಗೆ ನುಂಗಿದಳು. ಕೈ ನಡುಗುತ್ತಿತ್ತು, ರಾತ್ರಿಯಿಡೀ ದಿಂಬು ಎತ್ತರ ಮಾಡಿಕೊಂಡು ಕೂತೇ ಇರುತ್ತಿದ್ದಳು. ಅವಳನ್ನು ಕಚೇರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಮೂರನೆಯ ಕಾಗದ ಬಂತು. 'ಅರ್ಜಿದಾರರು ಸ್ವತಃ ಕಚೇರಿಗೆ ನಡೆದು ಬಂದಿರುವುದರಿಂದ ಗುಳಿಗೆ ಫಲಕಾರಿಯಾಗಿದೆ.' ಇದನ್ನು ಓದುವಾಗ ಅವಳು ಮೂರು ಕಡೆ ನಿಂತು ಉಸಿರೆಳೆದುಕೊಂಡಳು. ಆಚೆಯಿಂದ ಮಾಬುನ್ನಿ, 'ಮುಂದಿನ ಸಲ ನಿನ್ನ ಚಟ್ಟದ ಮೇಲೆ ಹೊತ್ಕೊಂಡು ಹೋಗ್ತೀವಿ ಬಿಡೇ, ಆಗ ಒಪ್ತಾರೆ' ಎಂದಳು. ಅಂದವಳಿಗೇ ಕಸಿವಿಸಿಯಾಗಿ ಒಂದು ಬಟ್ಟಲು ಪಾಯಸ ತಂದುಕೊಟ್ಟಳು. ನಾಲ್ಕನೆಯದು ಮಾರ್ಗಶಿರದಲ್ಲಿ ಬಂತು. 'ಹೊಸ ಗೋಡೆಯು ಸಾಕ್ಷಿ ನುಡಿಯಲು ಒಂದು ವರ್ಷ ಬೇಕಾಗುವುದರಿಂದ, ಒಂದು ವರ್ಷದ ನಂತರ ಅರ್ಜಿ ಸಲ್ಲಿಸಲು ತಿಳಿಸಲಾಗಿದೆ.'

'ಒಂದು ವರ್ಷ ಉಸ್ರು ಹಿಡ್ಕೊಂಡಿರು ಅಂತ ಮಾವ' ಎಂದು ಸೀಬಿ ಕಾಗದವನ್ನು ಮಡಿಚಿ ದೇವರ ಗೂಡಿನಲ್ಲಿಟ್ಟಳು. ಅವಳು ನನ್ನ ಅಕ್ಕನ ಮಗಳು. ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು.

ಪುಷ್ಯ ಮಾಸ, ಶುದ್ಧ ಷಷ್ಠಿ. ಬೆಳಿಗ್ಗೆ ನೀಲಿ ಪಂಪು ಅಲ್ಲಾಡಿಸಿದರೆ ಸದ್ದಿಲ್ಲ, ಬರಿದಾಗಿತ್ತು. ಸಂತೆ ಬೀದಿಯ ಔಷಧಿ ಅಂಗಡಿಯಲ್ಲಿ ನಾಳೆ ಬರುತ್ತೆ ಎಂದರು. ನಾನು ಕಂಪನಿಯ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತೆ. ನನ್ನ ಮುಂದೆ ಹದಿನೇಳು ಜನ ಇದ್ದರು. ಹದಿನಾಲ್ಕನೆಯವರ ಪಾಳಿ ನಡೆಯುವಾಗ ಮಿಲ್ಲಿನ ಹುಡುಗಿಯೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ನಾನು ಎದ್ದೆ.

ಮನೆಯಲ್ಲಿ ಮಾಬುನ್ನಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಾಳಿ ಮುಗಿಸಿ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತಂತೆ. 'ಏನಾದ್ರೂ ಅಂದ್ಳಾ?' ಎಂದು ಕೇಳಿದೆ. ಮಾಬುನ್ನಿ ಇಲ್ಲವೆಂದು ತಲೆಯಾಡಿಸಿದಳು. ಹದಿನೆಂಟು ವರ್ಷ ನನ್ನ ಜೊತೆ ಮಾತಾಡಿದವಳು ಕೊನೆಗೆ ಏನಂದಳೆಂದು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಹತ್ತು ದಿನವಾದ ಮೇಲೆ ಐದನೆಯ ಕಾಗದ ಬಂತು. ಮೇಷ್ಟರು ಓದಿದರು. 'ಷಷ್ಠಿಯಂದು ನಮ್ಮ ಗುಮಾಸ್ತರು ಭೇಟಿ ನೀಡಿದಾಗ ಮನೆಯ ಬಾಗಿಲು ಹಾಕಿದ್ದು, ಒಳಗೆ ಯಾರೂ ಇಲ್ಲದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.'

ಆಮೇಲೆ ಆರು ತಿಂಗಳು ನನ್ನ ಗೋಡೆ ಮಾತಾಡಲಿಲ್ಲ. ಬೇರೆ ಯಾರ ಮನೆಯಲ್ಲಿ ಯಾರು ಸತ್ತಿದ್ದರೂ ಮಾರನೆಯ ದಿನದಿಂದಲೇ ಗೋಡೆ ಅವರ ಹಿಂದಿನ ವರ್ಷದ ಮಾತನ್ನು ಆಡಲು ತೊಡಗುತ್ತದೆ. ಮಡಿದವರ ಮನೆಯವರಿಗೆ ಊರು ಕೊಡುವ ಸಮಾಧಾನ ಅದೊಂದೇ. ಸೀಬಿಯ ಆ ಆರು ತಿಂಗಳು ನಾನೇ ಹೊಡೆದ ಸುಣ್ಣದ ಕೆಳಗಿತ್ತು. ದಿನಾ ದೀಪ ಹಚ್ಚಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಅಕ್ಕಪಕ್ಕದ ಮನೆಗಳಲ್ಲಿ ಹಿಂದಿನ ವರ್ಷದ ಮಕ್ಕಳು ಅಳುತ್ತಿದ್ದವು, ಹಿಂದಿನ ವರ್ಷದ ಸೊಸೆಯರು ಗೊಣಗುತ್ತಿದ್ದರು. ನನ್ನ ಗೋಡೆ ಮಾತ್ರ ಬೆಳ್ಳಗೆ ನಿಂತಿತ್ತು. ಒಂದು ದಿನ ಉಗುರಿನಿಂದ ಕೆರೆದು ನೋಡಿದೆ. ಕೆಳಗೆ ಇನ್ನೊಂದು ಸುಣ್ಣ. ಅದರ ಕೆಳಗೆ ಮತ್ತೊಂದು.

ಆಷಾಢ ಬಂತು. ನಾನು ಸುಣ್ಣ ಹೊಡೆದ ಮಾರನೆಯ ದಿನಕ್ಕೆ ವರ್ಷ ತುಂಬಿದ ಸಂಜೆ, ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಕಿವಿಯ ಹತ್ತಿರವೇ, 'ಮಾವ, ಕೈ ಇಡ್ಬೇಡ, ಇನ್ನೂ ಹಸಿ ಐತೆ' ಎಂದಿತು ಗೋಡೆ.

ಎಣ್ಣೆ ಚೆಲ್ಲಿತು. ಆಚೆ ಮನೆಯಲ್ಲಿ ಮಾಬುನ್ನಿಯ ಕೈಯಿಂದ ಪಾತ್ರೆ ಬಿದ್ದ ಸದ್ದೂ ಕೇಳಿಸಿತು.

ಅಂದಿನಿಂದ ಸಂಜೆಗಳಿಗಾಗಿ ಬದುಕಿದೆ. ಕೆಲಸ ಎಲ್ಲೇ ಇರಲಿ, ಹೊತ್ತು ಇಳಿಯುವ ಮುಂಚೆ ಕೈತೊಳೆದು ಮನೆಗೆ. ಮಾಬುನ್ನಿಯೂ ಆಚೆ ಮಗ್ಗುಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಸೀಬಿ ಬೈದಳು, ಹಾಡಿದಳು, ಬೇಳೆಯಲ್ಲಿ ಹುಳು ಆಗಿದೆ ಎಂದಳು, ಶ್ರಾವಣದಲ್ಲಿ ಮೊದಲನೆಯ ಕಾಗದ ಓದಿದಳು. ಒಂದು ದಿನ, 'ಹೇರಳೆಕಾಯಿ ಉಪ್ಪಿನಕಾಯಿ ಹಾಕಿವ್ನಿ ಮಾವ, ಅಟ್ಟದ ಮೇಲೆ ಮೂಲೇಲಿ ಐತೆ. ಗೋಡೆ ಹೇಳೋಗಂಟ ಮುಟ್ಬೇಡ, ವರ್ಷ ಆದ್ರೇನೆ ರುಚಿ' ಎಂದಳು. ಏಣಿ ಹಾಕಿ ಹತ್ತಿದೆ. ಜಾಡಿ ಇತ್ತು. ಬಾಯಿಗೆ ಕಟ್ಟಿದ ಬಟ್ಟೆ ಅವಳ ಹಳೇ ರವಿಕೆಯದು. ಅರ್ಧ ಮಾಬುನ್ನಿಗೆ ಕೊಟ್ಟೆ. 'ನಿಂಗೆ ಖಾರ ಆಗಲ್ಲ, ಎದೆಗೆ ಒಳ್ಳೇದಲ್ಲ' ಎಂದೆ. 'ಎದೇಗೆ ಒಳ್ಳೇದಾಗೋದು ಯಾವ್ದು ಸಿಕ್ತದೆ ಹೇಳಣ್ಣಾ' ಎಂದು ಕಣ್ಣೊರೆಸಿಕೊಂಡು ತಿಂದಳು.

ಆದರೆ ಗೋಡೆಯೊಳಗಿನ ಸೀಬಿ ದಿನದಿನಕ್ಕೆ ದಮ್ಮು ಹೆಚ್ಚಾಗುತ್ತಾ ಪುಷ್ಯದ ಕಡೆಗೆ ನಡೆಯುತ್ತಿದ್ದಳು. ನಾನು ಈಚೆ ಕೂತು ಕೇಳುತ್ತಿದ್ದೆ, ತಡೆಯಲು ಆಗುತ್ತಿರಲಿಲ್ಲ. ಮಾತುಗಳು ಗಿಡ್ಡವಾದವು, ನಡುವಿನ ಸಿಳ್ಳೆ ಉದ್ದವಾಯಿತು. ಷಷ್ಠಿ ಬಾರದೇ ಇರಲಿ ಎಂದು ಒಂದು ಮನಸ್ಸು, ಆ ದಿನ ಅವಳು ಏನಂದಳೆಂದು ಕೇಳಲೇಬೇಕೆಂದು ಇನ್ನೊಂದು. ನನ್ನನ್ನು ಕೂಗಿರಬಹುದು. ಒಂದು ಸಲ 'ಮಾವ' ಅಂದಿರಬಹುದು. ಅಷ್ಟು ಸಾಕಿತ್ತು.

ದೀಪಾವಳಿ ಕಳೆದ ಮೇಲೆ ವಾಮನಮೂರ್ತಿಯವರು ಸ್ಟೂಲು ಹಿಡಿದುಕೊಂಡು ಮೂರು ಸಲ ಬಂದರು. ಗೋಡೆಯೊಳಗಿನ, ವಿಮೆಯಾದ ಮೇಲಿನ ಸಿಳ್ಳೆ ಕೇಳಿ ಬರೆದುಕೊಂಡರು. 'ಸಾಕ್ಷಿ ಗಟ್ಟಿಯಾಗಿದೆ ದುರುಗಪ್ಪನವರೇ' ಎಂದರು. ಅವರು ಹೋದ ಮೇಲೆ ಆಚೆಯಿಂದ ಮಾಬುನ್ನಿ, 'ಸತ್ತೋಳ ಉಸ್ರು ಕೇಳೋಕೆ ಇಷ್ಟು ಆಸೆ. ಬದುಕಿರೋಳು ಇಲ್ಲೇ ಬುಸುಗುಡ್ತಾವ್ನಿ, ಇತ್ಲಾಗೆ ತಿರುಗಿ ನೋಡ್ದಾ?' ಎಂದಳು. ಅವಳ ಅರ್ಜಿಯೂ ಎರಡು ಸಲ ತಿರಸ್ಕಾರವಾಗಿತ್ತು. ಹಿಂದಿನ ವಾರ ಮಿಲ್ಲಿನಲ್ಲಿ ಅವಳ ತುಟಿ ನೀಲಿಗಟ್ಟಿ, ನಾಲ್ಕು ಜನ ಎತ್ತಿಕೊಂಡು ಬಂದಿದ್ದರು.

ಷಷ್ಠಿ ಬಂತು. ಬೆಳಿಗ್ಗೆ ನಾನು ಮನೆ ಸಾರಿಸಿದೆ, ದೀಪಕ್ಕೆ ಹೊಸ ಬತ್ತಿ ಹೊಸೆದೆ. ಮಧ್ಯಾಹ್ನ ಮೂರರ ಹೊತ್ತಿಗೆ ವಾಮನಮೂರ್ತಿಯವರು ಬಂದರು. ಚಪ್ಪಲಿ ಜೋಡಿಸಿಡುವುದನ್ನು ಮರೆತರು. ಬ್ಯಾಗಿನಿಂದ ಎರಡು ಕಂದು ಪಂಪು ತೆಗೆದು ಚಾಪೆಯ ಮೇಲಿಟ್ಟರು.

'ಸೀಬಮ್ಮನವರ ಅರ್ಜಿ ಮಂಜೂರಾಗಿದೆ' ಎಂದರು.

ನಾನು ಪಂಪಿನ ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ನೋಡಿದೆ. ಅವಳ ಹೆಸರಿತ್ತು. ದಿನಕ್ಕೆ ಎರಡು ಸಲ ಎಂದೂ ಇತ್ತು.

'ಇನ್ನೊಂದು ನಿಮ್ಮ ನೆರೆಯವರಿಗೆ. ಅವರದ್ದನ್ನೂ ಇದರ ಜೊತೆಗೇ ಮಾಡಿಸಿಕೊಂಡು ಬಂದಿದ್ದೇನೆ. ಕಷ್ಟಪಟ್ಟಿದ್ದೇನೆ ದುರುಗಪ್ಪನವರೇ. ಒಂದೇ ಒಂದು ನಿಯಮ. ತೀರುವಳಿಯಾದ ಮೇಲೆ ಗೋಡೆಗೆ ಸುಣ್ಣ ಹೊಡೆಯಬೇಕು. ಒಂದೇ ಸದ್ದಿಗೆ ಎರಡು ಸಲ ಪರಿಹಾರ ಕೇಳಬಾರದಲ್ಲ. ನೀವೇ ಸುಣ್ಣದವರು, ಬೇರೆಯವರನ್ನು ಕರೆಯಬೇಕಾಗಿಯೂ ಇಲ್ಲ.'

'ನಾಳೆ ಹೊಡೀತೀನಿ ಸ್ವಾಮಿ.'

'ಇವತ್ತು. ದೀಪ ಹಚ್ಚುವ ಮುಂಚೆ.' ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ಪುಷ್ಯದ ಚಳಿಯಲ್ಲಿ ಅವರಿಗೆ ಬೆವರು. 'ನಾಳೆಯಾದರೆ ಎರಡೂ ಪಂಪು ವಾಪಸ್ಸು ಹೋಗುತ್ತವೆ. ನನ್ನ ಕೈಯಲ್ಲಿ ಏನಿಲ್ಲ.'

'ಇವತ್ತು ಅವಳು ಸತ್ತ ದಿನ.'

'ಗೊತ್ತು' ಎಂದರು. ಎಂದವರು ಗೋಡೆಯ ಕಡೆ ನೋಡಲಿಲ್ಲ, ಚಾಪೆಯನ್ನೇ ನೋಡುತ್ತಿದ್ದರು.

ಆಚೆ ಮನೆಯಿಂದ ಮಾಬುನ್ನಿಯ ಉಸಿರು ಕೇಳಿಸುತ್ತಿತ್ತು. ಹಗಲಿನ ಉಸಿರು, ಈ ವರ್ಷದ ಉಸಿರು. ಗರಗಸ ಹಸಿ ಮರದಲ್ಲಿ ಸಿಕ್ಕಿಕೊಂಡ ಹಾಗೆ ಹೋಗಿ ಬರುತ್ತಿತ್ತು. ಸೀಬಿ ಇದ್ದಿದ್ದರೆ ಏನನ್ನುತ್ತಿದ್ದಳೆಂದು ಗೋಡೆಯನ್ನು ಕೇಳಬೇಕಾದ ಅಗತ್ಯ ಇರಲಿಲ್ಲ. ಸತ್ತವಳ ಒಂದು ಮಾತು, ಬದುಕಿರುವವಳ ಉಸಿರು. ತಕ್ಕಡಿಯಲ್ಲಿಟ್ಟವರು ಅವರು, ಆದರೂ ತೂಗಬೇಕಾದವನು ನಾನು. ಎದ್ದು ಹಿತ್ತಲಿಗೆ ಹೋದೆ. ಗುಂಡಿಯಲ್ಲಿ ಅರಳಿದ ಸುಣ್ಣವಿತ್ತು. ಬಕೆಟ್ಟಿಗೆ ಹಾಕಿ, ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿದೆ. ಇಪ್ಪತ್ತು ವರ್ಷ ಕೈಗೆ ಗೊತ್ತಿದ್ದ ಹದ ಆವತ್ತು ಗೊತ್ತಾಗಲಿಲ್ಲ. ಒಮ್ಮೆ ನೀರಾಯಿತು, ಒಮ್ಮೆ ಗಟ್ಟಿಯಾಯಿತು. ಹೊತ್ತು ಇಳಿಯುತ್ತಿತ್ತು. ವಾಮನಮೂರ್ತಿಯವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಮಿಲ್ಲಿನ ಪಾಳಿ ಬಿಟ್ಟು ಬಂದ ಹೆಂಗಸರು ತಲೆಯ ಹತ್ತಿಯನ್ನೂ ಕೊಡವಿಕೊಳ್ಳದೆ ಅಂಗಳದಲ್ಲಿ ಒಬ್ಬೊಬ್ಬರಾಗಿ ನಿಂತರು. ಸೀಬಿಯ ಕೊನೆಯ ದಿನ ಕೇಳಲು ಬಂದವರು ಅವರು.

ಕುಂಚವನ್ನು ಅದ್ದಿ ಎತ್ತಿದೆ. ಅಷ್ಟರಲ್ಲಿ ಮಾಬುನ್ನಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರೆಳೆದುಕೊಂಡಳು, ಒಳಗೆ ಬಂದಳು, ಗೋಡೆಗೂ ಕುಂಚಕ್ಕೂ ನಡುವೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

'ಸುಣ್ಣದ ಘಾಟು ಎದೆಗೆ ಹೋಗುತ್ತೆ, ಆಚೆ ಹೋಗು ತಾಯಿ' ಎಂದೆ. 'ನಿನ್ನ ಪಂಪು ಬಂದದೆ. ಚಾಪೆ ಮೇಲದೆ ನೋಡು.'

'ನೋಡ್ದೆ. ಎಷ್ಟು ದಿನಕ್ಕೆ ಸ್ವಾಮೀ, ಅದು?' ಎಂದು ಅವಳು ವಾಮನಮೂರ್ತಿಯವರನ್ನು ಕೇಳಿದಳು.

'ಒಂದು ತಿಂಗಳಿಗಮ್ಮಾ.'

'ಆಮ್ಯಾಕೆ?'

'ಆಮೇಲೆ ಮತ್ತೆ ಅರ್ಜಿ ಕೊಡಬೇಕು. ಗೋಡೆಯ ಸಾಕ್ಷಿ ನೋಡಿ ಮಂಜೂರು ಮಾಡುತ್ತಾರೆ.'

ಮಾಬುನ್ನಿ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ಎಲ್ಲರೂ ಕಾದೆವು. ಆಮೇಲೆ ಅವಳು ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ, ಓದು ಬಾರದ ಅವಳು, ನಿಧಾನವಾಗಿ ಹೇಳಿದಳು. 'ಗೋಡೆಗೆ ಹೊಸ ಸುಣ್ಣ ಹೊಡೆದಿರುವುದು ಕಂಡುಬಂದಿರುವುದರಿಂದ, ಹಳೆಯ ಕಾಯಿಲೆಯನ್ನು ಮುಚ್ಚಿಟ್ಟಿರುವುದಾಗಿ ಭಾವಿಸಿ...' ಅಲ್ಲಿಗೆ ಉಸಿರು ಮುಗಿಯಿತು. ಮತ್ತೆ ಎಳೆದುಕೊಂಡಳು. 'ನಮ್ ಸೀಬಿ ಓದಿದ್ದು. ಒಂದು ಸಲ ಬದುಕಿದ್ದಾಗ, ಇನ್ನೊಂದು ಸಲ ಗೋಡೇಲಿ. ಎರಡು ಸಲ ಕೇಳಿದ್ದು ಮರೆಯಕ್ಕಾಯ್ತದಾ? ಈ ಗೋಡೆ ನಂದೂ ಹೌದು. ಇದರೊಳಗೆ ನನ್ ದಮ್ಮೂ ಅದೆ. ಇವತ್ತು ನೀವೇ ಬಳಿಸ್ತೀರಿ, ಬರೋ ತಿಂಗಳು ನೀವೇ ಬಂದು ಬೆಳ್ಳಗದಲ್ಲಮ್ಮಾ ಅಂತೀರಿ. ಒಂದು ತಿಂಗಳ ಉಸ್ರು ಕೊಟ್ಟು ವರ್ಷದ ಉಸ್ರು ಕಿತ್ಕೊಂಡು ಹೋಗೋಕೆ ಬಂದ್ರಾ?'

ನನ್ನ ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. ಇಪ್ಪತ್ತು ವರ್ಷ ಈ ಊರ ಗೋಡೆಗಳನ್ನು ಬಲ್ಲ ನನಗೆ ಹೊಳೆಯದೇ ಇದ್ದದ್ದು ಅವಳಿಗೆ ಹೊಳೆದಿತ್ತು.

'ಹಾಗೇನಿಲ್ಲಮ್ಮಾ, ನಾನು ಮೇಲಿನವರಿಗೆ ಹೇಳುತ್ತೇನೆ' ಎಂದರು ವಾಮನಮೂರ್ತಿ. ಅಂಗಳದಲ್ಲಿ ಬೆಳಕು ಮಂಕಾಗುತ್ತಿತ್ತು. ಅವರ ದನಿ ಒಡೆಯಿತು. 'ಹೊತ್ತಾಯಿತು. ಜರುಗಮ್ಮಾ, ದಯವಿಟ್ಟು. ದುರುಗಪ್ಪನವರೇ, ಅವರನ್ನು ಸರಿಸಿ ಹೊಡೆಯಿರಿ. ಹೊಡೆಯಿರಿ ಅಂದೆ!'

'ಜರುಗಲ್ಲ' ಎಂದಳು ಮಾಬುನ್ನಿ.

ನಾನು ಕುಂಚವನ್ನು ಬಕೆಟ್ಟಿನೊಳಗೆ ಬಿಟ್ಟೆ. ಅದು ಮುಳುಗಿತು. ಸುಣ್ಣದ ಕೈಯಲ್ಲೇ ಕಡ್ಡಿ ಗೀರಿ ದೀಪ ಹಚ್ಚಿದೆ.

ಮಾಬುನ್ನಿಯ ಬೆನ್ನ ಹಿಂದಿನಿಂದ ಗೋಡೆ ಮಾತಾಡಿತು. 'ಒಳಗೆ ಬರಬಹುದಾ ಅಮ್ಮಾ?'

ಸೀಬಿಯ ದನಿಯಲ್ಲ. ಗಂಡಸಿನ, ಮರ್ಯಾದಸ್ಥರ ದನಿ. ಅಂಗಳದ ಹೆಂಗಸರೆಲ್ಲ ಒಮ್ಮೆಲೇ ವಾಮನಮೂರ್ತಿಯವರ ಕಡೆ ತಿರುಗಿದರು. ಬಾಗಿಲು ಹಾಕಿತ್ತು, ಒಳಗೆ ಯಾರೂ ಇರಲಿಲ್ಲ ಎಂದು ಬರೆದವರು ಅಲ್ಲೇ ಗೋಡೆಗೂ ಜನಕ್ಕೂ ನಡುವೆ ನಿಂತಿದ್ದರು. ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡರು. ಈ ಊರಲ್ಲಿ ಕೇಳುವುದನ್ನೇ ಕಸುಬು ಮಾಡಿಕೊಂಡವರು.

'ಒಂದು ಸಹಿ ಅಷ್ಟೇ ಅಮ್ಮಾ' ಎಂದಿತು ಗೋಡೆ ಅವರ ದನಿಯಲ್ಲಿ. 'ದಮ್ಮು ಮಿಲ್ಲಿಗೆ ಸೇರುವ ಮುಂಚೆಯೇ ಇತ್ತು ಅಂತ. ಕಡತ ಮುಚ್ಚಿಹೋಗುತ್ತೆ. ಇಗೋ, ಬ್ಯಾಗಿನಲ್ಲಿ ನೀಲಿ ಪಂಪಿದೆ, ಹಾಕಿದ ತಕ್ಷಣ ಕೊಟ್ಟುಬಿಡುತ್ತೇನೆ. ನಿಮ್ಮ ಕಷ್ಟ ನೋಡಲಾಗುವುದಿಲ್ಲ.'

ಆಮೇಲೆ ಸಿಳ್ಳೆ. ಉದ್ದಕ್ಕೆ, ಸಣ್ಣಗೆ, ಎಲ್ಲಿ ತುಂಡಾಗುವುದೋ ಎನ್ನುವ ಹಾಗೆ. ಮಾಬುನ್ನಿ ಕಣ್ಣು ಮುಚ್ಚಿಕೊಂಡು ಗೋಡೆಗೆ ತಲೆ ಒತ್ತಿದ್ದಳು. ಕಾಗದ ಸರಿದ ಸದ್ದಾಯಿತು. ಸೀಬಿ ಓದುತ್ತಿದ್ದಳು. ಯಾವ ಕಾಗದವನ್ನೂ ಓದದೆ ಬಿಟ್ಟವಳಲ್ಲ ಅವಳು.

'ಇದು... ನನ್ ಒಬ್ಬಳಿಗಾ?' ಒಂದೊಂದು ಮಾತಿಗೂ ಒಂದೊಂದು ಉಸಿರು. 'ನಾನ್ ಹಾಕಿದ್ರೆ... ಮಾಬುನ್ನೀಗೂ... ಇದ್ನೇ ತೋರಿಸ್ತೀರಿ. ಇವ್ಳಿಗೆ ಮುಂಚೇನೇ ಇತ್ತು... ನಿಂಗೂ ಇತ್ತು ಅಂತೀರಿ. ಇಡೀ ಕೋಣೇಗೆ ಅಂತೀರಿ.'

'ಅದೆಲ್ಲ ಈಗ ಯಾಕಮ್ಮಾ? ನಿಮ್ಮ ಜೀವ ನೋಡಿಕೊಳ್ಳಿ. ಪೆನ್ನು ಹಿಡೀರಿ. ಇಲ್ಲಿ.'

ಮತ್ತೆ ಸಿಳ್ಳೆ. ನನ್ನ ಎದೆಯೂ ಅದರ ಜೊತೆ ಏರಿ ನಿಂತಿತ್ತು, ಇಳಿಯಲಿಲ್ಲ. ಆರು ತಿಂಗಳಿನಿಂದ ಒಂದು ಮಾತಿಗೆ ಕಾದಿದ್ದೆ. ಅದು ಬಂತು, ಆದರೆ ಕೂಗಿನ ಹಾಗಲ್ಲ. ಒಲೆಯ ಮೇಲೆ ಅನ್ನ ಇಟ್ಟು ದಾರಿ ನೋಡುವವಳು ತನಗೆ ತಾನೇ ಹೇಳಿಕೊಳ್ಳುವ ಹಾಗೆ ಬಂತು.

'ನಮ್ ಮಾವ... ಬರೋ ಹೊತ್ತಾಯ್ತು' ಎಂದಳು ಸೀಬಿ.

ಪೆನ್ನು ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು.

'ಹಾಕಿ ಅಮ್ಮಾ' ಎಂದಿತು ಗೋಡೆ, ಮತ್ತೆ ಅವರ ದನಿಯಲ್ಲಿ.

'ಹಾಕಲ್ಲ' ಎಂದಳು ಸೀಬಿ.